ಕೋಲಾರ ಸೀಮೆಯಲ್ಲಿ ಚಕ್ರಪಾದುಕೆಯ ಮಕ್ಕಳು

ಬೆಂಗಳೂರಿನಿಂದ ಮೂಡಲಿಗೆ ಹೊರಟ ಹೆದ್ದಾರಿಯು ಹೊಸಕೋಟೆ, ನರಸಾಪುರಗಳನ್ನು ದಾಟಿ ಕೋಲಾರವನ್ನು ಮುಟ್ಟುವುದು; ಅಲ್ಲಿಂದ ಮುಳಬಾಗಿಲನ್ನೂ ನಂಗಲಿಯನ್ನೂ ಕಳೆದು ಆಂಧ್ರ ದೇಶವನ್ನು ಹೊಗುವುದು. ಮುಳಬಾಗಿಲೆಂಬ ಹೆಸರು ‘ಮೂಡಣ ಬಾಗಿಲು’ ಎಂಬುದರಿಂದ ಬಂದುದೆಂದು ಬಲ್ಲವರು ಹೇಳುವರು. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. ಆದರೂ ಬಂಡೆಯ ಬೆಟ್ಟಗಳ ನಡುವೆ ಕೆರೆಗಳನ್ನು ಕಟ್ಟಿ, ಕೊಳವೆ ಬಾವಿಗಳನ್ನು ಕೊರೆದು, ರಾಗಿ, ಹಿಪ್ಪುನೇರಳೆ, ಟೊಮೇಟೊ, ಮಾವುಗಳನ್ನು ಬೆಳೆದು ಜನರು ಬಾಳುತ್ತಿರುವರು. ಇದನ್ನು ಕುರಿತು ಬರೆಯುವವರು ಕೋಲಾರಮ್ಮನ ಗುಡಿ, ಅಂತರಗಂಗೆಯ ಬುಗ್ಗೆ, ಆವನಿಯ ದೇವಾಲಯಗಳು, ಕುರುಡುಮಲೆಯ ಗಣಪತಿ ಇವುಗಳನ್ನು ವರ್ಣಿಸುವುದು ವಾಡಿಕೆ. ಅವೆಲ್ಲವೂ ನೋಡತಕ್ಕವೇ ಸರಿ. ನಾವಾದರೋ ಈ ಸಲ ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಊರುಗಳಲ್ಲಿ ಒಂದು ವಾರ ಅಲೆದುದು ಬೇರೆ ಕಾರ್ಯಕ್ಕಾಗಿ. ಕಾಲಿಗೆ ಚಕ್ರ ಕಟ್ಟಿಕೊಂಡು ಓಡುವ ಮಕ್ಕಳಿಗೆ ಏನನ್ನು ತೊಡಿಸಬೇಕು, ಏನನ್ನು ತೊಡಿಸಬಾರದು ಎಂಬುದನ್ನು ವಿಚಾರಿಸುವುದೇ ಆ ಕಾರ್ಯ.

‘ಕಾಲಿಗೆ ಚಕ್ರ ಕಟ್ಟಿಕೊಂಡವನು’ ಎಂದು ಮನೆಯಲ್ಲಿ ನಿಲ್ಲದವನನ್ನು ಬೈಯುವುದುಂಟು. ಈಗ ಅದು ಬೈಗುಳವಾಗಿ ಉಳಿದಿಲ್ಲ. ಊರ ಹೊರಗೆ ಹೊಸ ಬಡಾವಣೆಗಳು ಎದ್ದಿವೆ. ಮನೆಗಳು ಏಳುವುದಕ್ಕೆ ಮುಂಚೆಯೇ ಅವುಗಳ ಡಾಂಬರು ಬೀದಿಗಳು ಸಿದ್ಧವಾಗಿರುವುವು. ಬೆಳಗಿನ ಆರು ಗಂಟೆಗೆ ಅಂತಹ ಬೀದಿಯಲ್ಲಿ ನಿಂತರೆ ಐದಾರು ಮಕ್ಕಳು ಸೊಂಟವನ್ನು ಬಗ್ಗಿಸಿ, ಒಂದು ಕೈಯನ್ನು ಬೆನ್ನ ಮೇಲಿಟ್ಟು, ಇನ್ನೊಂದನ್ನು ಬೀಸುತ್ತ ಸರ್ರನೆ ಹಾದುಹೋಗುವರು. ಇದನ್ನು ಸ್ಕೇಟಿಂಗ್ ಎಂದು ಎಲ್ಲರೂ ಕರೆಯುವರು. ನಮಗೆ ಚಕ್ರಪಾದುಕೆ ಎಂಬ ಮಾತೂ ಒಪ್ಪುವುದು, ಎರಡನ್ನೂ ಬಳಸುವೆವು.

ಈ ಉತ್ಸಾಹಕ್ಕೆ ಕಾರಣವಿಲ್ಲದೆ ಇಲ್ಲ. ಚೀನಾ ದೇಶದ ಹಾಂಗ್‌ಝೌ ನಗರದಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ 3000 ಮೀಟರುಗಳ ಸರದಿ ಓಟದಲ್ಲಿ ಭಾರತದ ಹೆಣ್ಣುಮಕ್ಕಳ ತಂಡವೂ ಗಂಡುಮಕ್ಕಳ ತಂಡವೂ ಕಂಚಿನ ಪದಕಗಳನ್ನು ಪಡೆದುವು. ಗಂಡುಮಕ್ಕಳ ತಂಡದಲ್ಲಿದ್ದ ಚೆನ್ನೈಯ ಆನಂದಕುಮಾರ್ ವೇಲ್‌ಕುಮಾರ್ ಎಂಬ ತರುಣನು 2025ರ ಸೆಪ್ಟೆಂಬರಿನಲ್ಲಿ ಚೀನಾದ ಬೈದೈಹೆಯಲ್ಲಿ 1000 ಮೀಟರುಗಳ ಓಟವನ್ನು ಗೆದ್ದು ವಿಶ್ವವಿಜೇತನಾದನು. ಹೆದ್ದಾರಿಯ ಆ ತುದಿಯ ಊರಿನವನು ಲೋಕವನ್ನೇ ಗೆದ್ದನೆಂದ ಮೇಲೆ ನಡುದಾರಿಯ ಊರುಗಳ ಮಕ್ಕಳು ಸುಮ್ಮನೆ ಕುಳಿತಾರೆಯೆ?

ಚಕ್ರಪಾದುಕೆಯ ಪುರಾತನ ಕಥೆಯೊಂದುಂಟು. ಅದನ್ನು ಹೇಳಿಯೇ ಮುಂದುವರಿಯಬೇಕು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿಗೆ ಬಂದು ನೆಲೆಸಿದ ಜಾನ್ ಜೋಸೆಫ್ ಮೆರ್ಲಿನ್ ಎಂಬ ಯಂತ್ರಶಿಲ್ಪಿಯು ಇಂತಹ ಪಾದುಕೆಗಳನ್ನು ಮಾಡಿಕೊಂಡು, ಶ್ರೀಮಂತರ ವೇಷದ ಕೂಟವೊಂದಕ್ಕೆ ಪಿಟೀಲು ನುಡಿಸುತ್ತ ಜಾರಿಕೊಂಡು ಬಂದನಂತೆ. ತಿರುಗುವ ಉಪಾಯವೂ ನಿಲ್ಲುವ ಉಪಾಯವೂ ಆ ಪಾದುಕೆಗಳಲ್ಲಿ ಇರಲಿಲ್ಲ. ಎದುರಿಗಿದ್ದ ಬೆಲೆಬಾಳುವ ನಿಲುವುಗನ್ನಡಿಗೆ ಹೋಗಿ ಅಪ್ಪಳಿಸಿ, ಕನ್ನಡಿಯನ್ನೂ ಪಿಟೀಲನ್ನೂ ಒಡೆದು, ತಾನೂ ಬಲವಾಗಿ ಗಾಯಗೊಂಡನೆಂದು ಹೇಳುವರು. ತಿರುಗಲು ಬರುವ ನಾಲ್ಕು ಚಕ್ರದ ಪಾದುಕೆಯನ್ನು ಅಮೆರಿಕೆಯ ಜೇಮ್ಸ್ ಪ್ಲಿಂಪ್ಟನ್ನನು 1863ರಲ್ಲಿ ಮಾಡಿದನು. ವೇಗ ಮೊದಲು ಬಂದಿತು, ಹತೋಟಿ ಅನಂತರ ಬಂದಿತು. ಮನೆಮನೆಯ ಮಕ್ಕಳಲ್ಲಿಯೂ ಇದೇ ಕ್ರಮ.

ನಾವು ಈ ವಿಷಯಕ್ಕೆ ಕೈಹಾಕಿದುದು ಕೋಲಾರದಲ್ಲಿರುವ ನಮ್ಮ ತಮ್ಮನ ಮಗನ ಮನೆಯವರ ಒತ್ತಾಯದಿಂದ. ಆತನು ಟೊಮೇಟೊ ಮಂಡಿಯಲ್ಲಿ ಲೆಕ್ಕ ಬರೆಯುವನು. ಆತನ ಮಗಳಿಗೆ ಹತ್ತು ವರ್ಷ. ಕಳೆದ ಮಳೆಗಾಲದಲ್ಲಿ ಹುಡುಗಿಯು ಚಕ್ರಪಾದುಕೆಯ ಮೇಲಿಂದ ಮುಗ್ಗರಿಸಿ ಅಂಗೈಯೂರಿ ಬಿದ್ದು, ಮಣಿಕಟ್ಟಿನ ಮೇಲಿನ ಮೂಳೆ ಮುರಿದು, ಆರು ವಾರ ಕೈಗೆ ಕಟ್ಟು ಹಾಕಿಸಿಕೊಂಡಿದ್ದಳು. ಈಗ ಮತ್ತೆ ಕುಣಿಯುತ್ತಿರುವಳು. ಬರುವ ತಿಂಗಳು ಬೆಂಗಳೂರಿನಲ್ಲಿ ಮಕ್ಕಳ ಪಂದ್ಯವಂತೆ. ನಮ್ಮ ತಮ್ಮನ ಹೆಂಡತಿ, ಎಂದರೆ ಹುಡುಗಿಯ ಅಜ್ಜಿ, ಖಂಡಿತವಾಗಿ ಬೇಡವೆನ್ನುವರು. “ಭಾವನವರೆ, ನೀವೇ ಹೇಳಿ. ಹೆಣ್ಣುಮಗು. ಕೈ ಸೊಟ್ಟಗಾದರೆ ಯಾರು ಹೊಣೆ?” ಎಂದು ನಮ್ಮನ್ನು ಕೇಳಿದರು. ಮಗನು ಎಂಟು ಸಾವಿರ ರೂಪಾಯಿಗಳನ್ನು ಎತ್ತಿಟ್ಟು, “ದೊಡ್ಡಪ್ಪ, ಇಷ್ಟರಲ್ಲಿ ಏನು ಕೊಳ್ಳಬಹುದೋ ಅದನ್ನು ಹೇಳಿ, ಇದಕ್ಕಿಂತ ಹೆಚ್ಚು ನನ್ನಿಂದಾಗದು,” ಎಂದನು. ಹುಡುಗಿಗೆ ಬೇಕಾದುದು ಒಂದೇ: ಪಂದ್ಯ ಗೆಲ್ಲುವವರು ಹಾಕುವಂತಹ ದೊಡ್ಡ ಚಕ್ರದ ಪಾದುಕೆ. ಮೂವರ ಮಾತನ್ನೂ ಕೇಳಿಕೊಂಡು, ನಾಲ್ಕು ಊರುಗಳಲ್ಲಿ ವಿಚಾರಿಸಿ ಹೇಳುವೆವೆಂದು ಹೊರಟೆವು.

ಮಾಲೂರು ಹೆಂಚು ಇಟ್ಟಿಗೆಗಳಿಗೆ ಹೆಸರಾದ ಊರು. ನಮ್ಮ ಮಾಸ್ತಿಯವರ ತಾಲ್ಲೂಕು. ರೈಲಿನಿಂದ ಇಳಿದು ಊರ ಹೊರಗಿನ ಬೀದಿಗೆ ಹೋದರೆ ಎರಡು ಸಂಗತಿಗಳು ಕಣ್ಣಿಗೆ ಬೀಳುವುವು. ಟ್ರಾಕ್ಟರುಗಳಿಂದ ಉದುರಿದ ಇಟ್ಟಿಗೆಯ ಕೆಂಪು ಪುಡಿ ಒಂದು. ನೀಲಗಿರಿ ಮರಗಳಿಂದ ಉದುರಿದ ಗಟ್ಟಿ ಬೀಜದ ಕಾಯಿಗಳು ಇನ್ನೊಂದು. ನಡೆಯುವವನಿಗೆ ಇವು ಏನೂ ಅಲ್ಲ. ಚಕ್ರಪಾದುಕೆಯವನಿಗೆ ಕಡಲೆಕಾಳಿನಷ್ಟು ಕಾಯಿಯೊಂದು ಚಕ್ರದ ಕೆಳಗೆ ಸಿಕ್ಕಿದರೂ ಸಾಕು, ಪಾದ ಹಿಂದೆ ನಿಂತು ದೇಹ ಮುಂದೆ ಹೋಗುವುದು. ಅಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ತರುಣನೊಬ್ಬನು ಬಹಳ ತಿಳಿವಳಿಕೆಯಿಂದ ಮಾತನಾಡಿದನು. ಹತ್ತು ಕಿಲೋಮೀಟರು ವೇಗದಲ್ಲಿ ಬೀಳುವುದಕ್ಕೂ ಮೂವತ್ತು ಕಿಲೋಮೀಟರು ವೇಗದಲ್ಲಿ ಬೀಳುವುದಕ್ಕೂ ಭೇದ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ವೇಗವು ಹೆಚ್ಚಿದಂತೆ ಪೆಟ್ಟಿನ ಬಲವು ಅದರ ವರ್ಗದಂತೆ ಹೆಚ್ಚುವುದೆಂದು ಅವನು ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದನು. ಶಾಲೆಯಲ್ಲಿ ಈ ಲೆಕ್ಕವನ್ನು ಎಲ್ಲರೂ ಓದಿರುವರು. ಬೀದಿಗೆ ತಂದವರು ಎಷ್ಟು ಮಂದಿ?

ಉಡುಪಿನ ವಿಷಯವನ್ನೂ ನಾವು ತಿಳಿದುದು ಮಾಲೂರಿನಲ್ಲಿಯೇ. ದೊಡ್ಡ ಪಂದ್ಯಗಳಲ್ಲಿ ಓಡುವವರು ಮೈಗೆ ಅಂಟಿಕೊಳ್ಳುವ, ನೈಲಾನು ಲೈಕ್ರಾಗಳಿಂದ ನೇಯ್ದ ಒಂದೇ ತುಂಡಿನ ಉಡುಪನ್ನು ತೊಡುವರು. ಅದು ಗಾಳಿಯ ತಡೆಯನ್ನು ತಗ್ಗಿಸುವುದು. ಆದರೆ ಡಾಂಬರಿನ ಮೇಲೆ ಉಜ್ಜಿದರೆ ಚರ್ಮವನ್ನು ಕಾಯುವುದು ಅತ್ಯಲ್ಪ. ಕಲಿಯುವ ಮಗುವಿಗೆ ಅದರ ಅವಸರವಿಲ್ಲ. ಕೈಯ ಮಣಿಕಟ್ಟಿನವರೆಗೆ ತೋಳು, ಕಾಲಿನ ಹರಡಿನವರೆಗೆ ಷರಾಯಿ, ಎರಡೂ ಮೈಗೆ ಹೊಂದಿದ್ದು ಜೋಲಾಡದಂತಿದ್ದರೆ ಸಾಕು. ಹತ್ತಿ ಬಟ್ಟೆ ನಮಗೆಲ್ಲ ಪ್ರಿಯವಾದುದೇ. ಆದರೆ ಅದು ಬೆವರನ್ನು ಹೀರಿ ಒದ್ದೆಯಾಗಿಯೇ ಇದ್ದು ಚರ್ಮವನ್ನು ಉಜ್ಜುವುದು, ಚಳಿಗಾಲದ ಬೆಳಗಿನಲ್ಲಿ ಮೈಯನ್ನು ತಣ್ಣಗೆ ಮಾಡುವುದು. ಬೇಗ ಒಣಗುವ ಆಟದ ಬಟ್ಟೆಯೇ ಮೇಲು. ಈ ಸೀಮೆಯಲ್ಲಿ ಪುಷ್ಯಮಾಸದ ಮಂಜು ದಟ್ಟವಾಗಿರುವುದರಿಂದ ಬಣ್ಣವು ಹಳದಿಯೋ ಕಿತ್ತಳೆಯೋ ಆಗಿರಲಿ, ದೂರದಿಂದ ಕಾಣಲಿ. ಹೆಣ್ಣುಮಕ್ಕಳ ದುಪಟ್ಟ, ಲಂಗ, ಕಾಲಂದುಗೆ, ಜೋಲಾಡುವ ಓಲೆ, ಕೊರಳ ಸರ ಇವೆಲ್ಲ ಮನೆಯಲ್ಲಿಯೇ ಉಳಿಯಬೇಕು. ಗಾಜಿನ ಬಳೆಯಂತೂ ಕೂಡದು. ಬಿದ್ದಾಗ ಒಡೆದು ಮಣಿಕಟ್ಟನ್ನೇ ಸೀಳುವುದು. ಕೂದಲನ್ನು ನೆತ್ತಿಯ ಮೇಲೆ ತುರುಬು ಕಟ್ಟಿದರೆ ಶಿರಸ್ತ್ರಾಣವು ತಲೆಯ ಮೇಲೆ ಕೂರದು. ಕತ್ತಿನ ಹಿಂದೆ ತಗ್ಗಾಗಿ ಒಂದೇ ಜಡೆ ಹೆಣೆಯಬೇಕು.

ಕೋಲಾರಕ್ಕೆ ಮರಳಿ ಶಿರಸ್ತ್ರಾಣದ ವಿಚಾರಕ್ಕೆ ತೊಡಗಿದೆವು. ಇದನ್ನು ಕುರಿತು ಆ ಜಿಲ್ಲೆಯವರಿಗೆ ಹೇಳಿಕೊಡುವವರು ನಾವಾರು? ಅಲ್ಲಿಂದ ಕೆಲವೇ ಹರಿದಾರಿಗಳಲ್ಲಿರುವ ಚಿನ್ನದ ಗಣಿಗಳಲ್ಲಿ ತಾತಂದಿರು ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದು ದುಡಿದರು. ಬಂಡೆಯು ಒಳಗಿನ ಒತ್ತಡದಿಂದ ತಾನಾಗಿಯೇ ಸಿಡಿಯುವ ಆ ಗಣಿಗಳಲ್ಲಿ ತಲೆಗೆ ಟೋಪಿಯಿಲ್ಲದೆ ಇಳಿಯುವುದೆಂಬ ಮಾತೇ ಇರಲಿಲ್ಲ. ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದುವು. ಆ ಟೋಪಿಗಳಲ್ಲಿ ಒಂದನ್ನು ಮನೆಯ ಗೂಟಕ್ಕೆ ತೂಗುಹಾಕಿಕೊಂಡಿರುವ ವೃದ್ಧರೊಬ್ಬರು ನಮಗೆ ಬಸ್ಸಿನಲ್ಲಿ ಸಿಕ್ಕಿದರು. ಅವರ ಮೊಮ್ಮಗನೂ ಸ್ಕೇಟು ಹಾಕುವನಂತೆ. “ಟೋಪಿ ಇಲ್ದೆ ಹೊಸಲು ದಾಟೋಕೆ ಬಿಡಲ್ಲ, ಸ್ವಾಮಿ,” ಎಂದರು. ಇದಕ್ಕಿಂತ ಹೆಚ್ಚಿನ ಶಾಸ್ತ್ರ ಬೇಕಾಗಿಲ್ಲ.

ಆದರೆ ಯಾವ ಟೋಪಿ? ಆಟದ ಸಾಮಾನಿನ ಅಂಗಡಿಗಳಲ್ಲಿ ‘ಸೆಟ್’ ಎಂದು ಮಾರುವ ಚೀಲದೊಳಗೆ ತಲೆಗೆ, ಮೊಣಕೈಗೆ, ಮೊಣಕಾಲಿಗೆ ಎಲ್ಲವೂ ಇರುವುವು, ಬೆಲೆಯೂ ಅಗ್ಗ. ಅವುಗಳಲ್ಲಿ ಬಹುಮಟ್ಟಿನ ಟೋಪಿಗಳು ಬರಿಯ ಪ್ಲಾಸ್ಟಿಕ್ಕಿನ ಚಿಪ್ಪು. ಒಳಗೆ ಬೆರಳು ದಪ್ಪದ ಸ್ಪಂಜು. ನಿಜವಾದ ಶಿರಸ್ತ್ರಾಣದ ಸತ್ವವು ಚಿಪ್ಪಿನಲ್ಲಿಲ್ಲ; ಒಳಗಿನ ಬಿಳಿಯ ಅಥವಾ ಕರಿಯ ಗಡುಸಾದ ನೊರೆಯಲ್ಲಿದೆ. ಅದು ನಾವು ಥರ್ಮೋಕೋಲ್ ಎನ್ನುವ ಜಾತಿಯದೇ, ಆದರೆ ಒತ್ತಾಗಿ ಮಾಡಿದುದು. ತಲೆಯು ನೆಲಕ್ಕೆ ಬಡಿದಾಗ ಈ ನೊರೆಯು ನುಗ್ಗುನುಗ್ಗಾಗಿ, ತಲೆ ಒಮ್ಮೆಗೇ ನಿಲ್ಲದೆ ಅಂಗುಲದಷ್ಟು ದೂರದಲ್ಲಿ ಮೆಲ್ಲನೆ ನಿಲ್ಲುವಂತೆ ಮಾಡುವುದು. ಒಮ್ಮೆ ನುಗ್ಗಾದ ನೊರೆ ಮತ್ತೆ ಏಳದು. ಆದುದರಿಂದ ಬಲವಾದ ಪೆಟ್ಟು ತಿಂದ ಶಿರಸ್ತ್ರಾಣವು ಹೊರಗೆ ಎಷ್ಟು ಚೆನ್ನಾಗಿ ಕಂಡರೂ ಅದನ್ನು ತೆಗೆದುಹಾಕಬೇಕು. ಅಣ್ಣನ ಹಳೆಯದನ್ನು ತಮ್ಮನಿಗೆ ಕೊಡುವ ಮುಂಚೆ ಅದರ ಚರಿತ್ರೆಯನ್ನು ವಿಚಾರಿಸಬೇಕು.

ಮೋಟಾರು ಸೈಕಲ್ಲಿನ ಶಿರಸ್ತ್ರಾಣವನ್ನೇ ಹಾಕಿಸಿದರಾಗದೆ ಎಂದು ನಮ್ಮ ಮಗನು ಕೇಳಿದನು. ಭಾರತೀಯ ಮಾನಕ ಸಂಸ್ಥೆಯ 4151ನೆಯ ಮಾನಕದ ಆ ಟೋಪಿಯು ಮೋಟಾರು ಗಾಡಿಯವರಿಗೆ ತಕ್ಕುದು. ಹತ್ತು ವರ್ಷದ ಮಗುವಿನ ಕತ್ತಿಗೆ ಅದು ಭಾರ, ಕಿವಿಯನ್ನೂ ಮುಚ್ಚುವುದು. ಹಿಂದಿನಿಂದ ಬರುವವರ ಕೂಗು ಕೇಳಿಸಬೇಕಾದ ಆಟವಿದು. ಸೈಕಲ್ಲು ಮತ್ತು ಚಕ್ರಪಾದುಕೆಗಳಿಗೆಂದೇ ಯೂರೋಪಿನವರು ಮಾಡಿರುವ 1078ನೆಯ ಮಾನಕದ ಗುರುತನ್ನು ಒಳಗಿನ ಚೀಟಿಯಲ್ಲಿ ನೋಡಿ ಕೊಳ್ಳಬಹುದು. ತೊಡಿಸುವ ಕ್ರಮ ಹೀಗೆ: ಹುಬ್ಬಿನ ಮೇಲೆ ಎರಡು ಬೆರಳಗಲ ಬಿಟ್ಟು ಅಂಚು ನಿಲ್ಲಬೇಕು, ಹಣೆ ತೋರುವಂತೆ ಹಿಂದಕ್ಕೆ ಸರಿಯಬಾರದು, ಪಟ್ಟಿಗಳೆರಡೂ ಕಿವಿಯ ಕೆಳಗೆ ಕೂಡಬೇಕು, ಗದ್ದದ ಪಟ್ಟಿಯಲ್ಲಿ ಒಂದು ಬೆರಳು ಮಾತ್ರ ತೂರಬೇಕು. ಬಿಗಿದ ಮೇಲೆ ಮಗುವಿನ ತಲೆಯನ್ನು ಅಲ್ಲಾಡಿಸಿದರೆ ಟೋಪಿಯೊಡನೆ ಹುಬ್ಬೂ ಅಲುಗಬೇಕು. ಹಾಗಲ್ಲದೆ ಟೋಪಿಯೊಂದೇ ತಿರುಗುವುದಾದರೆ ಅದು ಅಲಂಕಾರ.

ಮುಳಬಾಗಿಲಿಗೆ ಹೋದವರು ದೋಸೆಯನ್ನು ತಿನ್ನದೆ ಬಂದರೆ ಯಾರೂ ನಂಬರು. ನಾವೂ ಆ ವಿಧಿಯನ್ನು ಪೂರೈಸಿ, ಆಂಜನೇಯನಿಗೆ ಕೈಮುಗಿದೆವು. ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ ಊರೆಂಬ ಕಾರಣದಿಂದಲೂ ಈ ಊರಿನಲ್ಲಿ ನಮಗೆ ಗೌರವ ಹೆಚ್ಚು. ಅಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ಸ್ಕೇಟುಗಳ ಹರಿದ ಪಟ್ಟಿಗಳನ್ನು ಹೊಲಿದುಕೊಡುವರೆಂದು ಕೇಳಿ ಅವರ ಬಳಿ ಕುಳಿತೆವು. ಪಾದರಕ್ಷೆಯ ವಿಷಯದಲ್ಲಿ ಅವರಷ್ಟು ಬಲ್ಲವರನ್ನು ನಾವು ಬೆಂಗಳೂರಿನಲ್ಲಿಯೂ ಕಾಣಲಿಲ್ಲ. “ಬೆಳೆಯೋ ಮಗು ಅಂತ ಎರಡು ನಂಬರು ದೊಡ್ಡದು ತರ್ತಾರೆ, ಸಾರ್. ಶಾಲೆ ಬೂಟಿಗೆ ಆದೀತು, ಇದಕ್ಕಾಗಲ್ಲ,” ಎಂದರು. ಅವರು ಹೇಳಿದ ಪರೀಕ್ಷೆ ಸುಲಭವಾದುದು. ಪಾದ ಸ್ವಲ್ಪ ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ, ತೆಳುವಾದ ಕಾಲುಚೀಲವನ್ನು ಹಾಕಿಸಿ ತೊಡಿಸಬೇಕು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಸೋಕಬೇಕು. ಮೊಣಕಾಲನ್ನು ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಹಿಮ್ಮಡಿ ಮಾತ್ರ ಎಂದೂ ಮೇಲೇಳಬಾರದು. ಹಿಮ್ಮಡಿ ಎದ್ದರೆ ಹರಡು ಹೊರಳುವುದು.

ಚಕ್ರದ ಗಾತ್ರವನ್ನು ಕುರಿತು ಹುಡುಗಿಯ ಹಟಕ್ಕೂ ಅಲ್ಲಿಯೇ ಉತ್ತರ ದೊರೆಯಿತು. ಒಂದರ ಹಿಂದೊಂದು ಸಾಲಾಗಿ ಚಕ್ರಗಳಿರುವ ಪಂದ್ಯದ ಪಾದುಕೆಗಳಲ್ಲಿ ದೊಡ್ಡವರು 110 ಮಿಲಿಮೀಟರಿನ ನಾಲ್ಕನ್ನೋ 125 ಮಿಲಿಮೀಟರಿನ ಮೂರನ್ನೋ ಹಾಕುವರು. ಚಕ್ರ ದೊಡ್ಡದಾದಷ್ಟು ವೇಗವು ನಿಲ್ಲುವುದು. ಪಾದವೂ ನೆಲದಿಂದ ಅಷ್ಟು ಮೇಲಕ್ಕೆ ಏರುವುದು. ಪಂದ್ಯದ ಬೂಟು ಹರಡಿನ ಕೆಳಗೇ ಮುಗಿಯುವುದರಿಂದ ಆಸರೆಯೆಲ್ಲ ಮಗುವಿನ ಸ್ನಾಯುಗಳದೇ ಆಗಬೇಕು. ಸಾಮಾನ್ಯವಾಗಿ ಅದಕ್ಕೆ ತಡೆಯ ರಬ್ಬರೂ ಇರದು. ಒಂದು ಪಾದವನ್ನು ಅಡ್ಡವಾಗಿ ಎಳೆದು ನಿಲ್ಲಿಸುವುದನ್ನು ಕಲಿತಿರಬೇಕು. ಹತ್ತು ವರ್ಷದ ಸಣ್ಣ ಮೈಯವಳಿಗೆ 80 ಅಥವಾ 90 ಮಿಲಿಮೀಟರಿನ ಚಕ್ರ ಯಥೇಷ್ಟ. ನೂರು ಗಜದ ಓಟದಲ್ಲಿ ತಾನಾಗಿ ಬೇಕೆಂದ ಕಡೆ ನಿಲ್ಲಬಲ್ಲೆನೆಂದು ಹತ್ತು ಸಲ ತೋರಿಸಿದ ಮೇಲೆ ಮುಂದಿನ ಗಾತ್ರದ ಮಾತು. ಹೊರಡುವ ಮುಂಚೆ ಚಕ್ರದ ನಡುವಿನ ತಿರುಪುಗಳನ್ನು ಬಿಗಿಯಾಗಿವೆಯೇ ಎಂದು ನೋಡುವುದು, ಒಳಬದಿ ಸವೆದ ಚಕ್ರವನ್ನು ತಿರುಗಿಸಿ ಹಾಕುವುದು, ಮಳೆಯಲ್ಲಿ ನೆನೆದ ಬೇರಿಂಗುಗಳನ್ನು ಒರೆಸಿ ಒಣಗಿಸುವುದು ಇವನ್ನು ಮಗುವಿಗೇ ಕಲಿಸಬೇಕು.

ಇನ್ನು ಮಣಿಕಟ್ಟು. ಅಜ್ಜಿಯ ಆಕ್ಷೇಪವೆಲ್ಲ ಇದರಲ್ಲಿಯೇ ಇತ್ತು. ಅದು ನ್ಯಾಯವಾದುದೂ ಆಗಿತ್ತು. ಬೀಳುವವನು ಅಂಗೈಯನ್ನು ಮುಂದೆ ಚಾಚುವುದು ಸ್ವಭಾವಸಿದ್ಧ. ಆ ಅಂಗೈಯ ಮೇಲೆ ಮೈಯ ಭಾರವೆಲ್ಲ ಬಂದು ಮೂಳೆ ಮುರಿಯುವುದು. ಅಮೆರಿಕೆಯ ವೈದ್ಯರು ಚಕ್ರಪಾದುಕೆಯವರ ಗಾಯಗಳನ್ನು ಪರಿಶೀಲಿಸಿ 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಣಿಕಟ್ಟಿನ ಕವಚವಿಲ್ಲದವರಿಗೆ ಅಲ್ಲಿ ಗಾಯವಾಗುವ ಸಂಭವವು ಕವಚವುಳ್ಳವರಿಗಿಂತ ಹತ್ತರಷ್ಟೆಂದು ಕಂಡಿತು. ಮೊಣಕೈಯದೂ ಹೆಚ್ಚು ಕಡಿಮೆ ಹಾಗೆಯೇ. ಹೀಗಿದ್ದೂ ಮೊಣಕಾಲಿಗೆ ಕಟ್ಟಿ ಕೈಯನ್ನು ಬರಿದಾಗಿ ಬಿಡುವವರೇ ನಾಲ್ಕು ಊರುಗಳಲ್ಲಿಯೂ ನಮಗೆ ಹೆಚ್ಚಾಗಿ ಕಂಡರು. ಮೊಣಕಾಲಿನ ತರಚು ಕಣ್ಣಿಗೆ ಕಾಣುವುದು, ಷರಾಯಿ ಹರಿಯುವುದು. ಮಣಿಕಟ್ಟು ಮುರಿಯುವವರೆಗೆ ನೆನಪಾಗದು.

ಸಂಸ್ಕೃತ ಓದಿದವರಿಗೆ ಇದು ಹೊಸ ಮಾತಲ್ಲ. ಋಗ್ವೇದದ ಆರನೆಯ ಮಂಡಲದಲ್ಲಿ ಯೋಧನ ಕವಚ, ಬಿಲ್ಲು, ಬತ್ತಳಿಕೆಗಳನ್ನು ಹೊಗಳುವ ಸೂಕ್ತವೊಂದಿದೆ. ಅದರಲ್ಲಿ ‘ಹಸ್ತಘ್ನ’ವೆಂಬ ಕೈಗವಚಕ್ಕೂ ಪ್ರತ್ಯೇಕವಾದ ಸ್ಥಾನವುಂಟು. ಬಿಲ್ಲಿನ ಹೆದೆಯ ಪೆಟ್ಟಿನಿಂದ ಕೈಯನ್ನು ಕಾಯಲು ಅದನ್ನು ಕಟ್ಟುತ್ತಿದ್ದರು. ಈಗಿನ ಹಸ್ತಘ್ನದಲ್ಲಿ ಅಂಗೈಯ ಕಡೆ ಗಟ್ಟಿಯಾದ ಪ್ಲಾಸ್ಟಿಕ್ಕಿನ ಬಾಗಿದ ಪಟ್ಟಿಯೊಂದಿರುವುದು. ಅಂಗೈ ನೆಲಕ್ಕೆ ತಾಕಿದಾಗ ಕಚ್ಚಿ ನಿಲ್ಲದೆ ಜಾರುವಂತೆ ಅದು ಮಾಡುವುದು. ಮಣಿಕಟ್ಟು ಹಿಂದಕ್ಕೆ ಮಡಿಯದಂತೆ ತಡೆಯುವುದು. ಪಟ್ಟಿಯಿಲ್ಲದ ಬರಿಯ ಬಟ್ಟೆಯ ಕೈಚೀಲದಿಂದ ಚರ್ಮ ಉಳಿದೀತು, ಮೂಳೆ ಉಳಿಯದು. ಮೊಣಕಾಲು ಮೊಣಕೈಗಳ ಕವಚಗಳಲ್ಲಿಯೂ ಹೊರಗೆ ಗಟ್ಟಿ ಚಿಪ್ಪಿದ್ದು ಜಾರುವಂತಿರಬೇಕು. ಕಟ್ಟಿದ ಮೇಲೆ ಕೈಯಿಂದ ಕೆಳಕ್ಕೆ ಎಳೆದು ನೋಡಬೇಕು; ಸರಿದು ಬಂದರೆ ಬಿದ್ದಾಗಲೂ ಸರಿಯುವುದು. ಬೆವರಿನ ಕವಚಗಳನ್ನು ಸೋಪಿನ ನೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಬೇಕು, ಇಲ್ಲವಾದರೆ ಮನೆಯಲ್ಲಿ ಯಾರೂ ಅವುಗಳ ಹತ್ತಿರ ಸುಳಿಯರು.

ಮುಂದೆ ಶ್ರೀನಿವಾಸಪುರ. ವೈಶಾಖ ಜ್ಯೇಷ್ಠಗಳಲ್ಲಿ ಈ ಊರು ಮಾವಿನ ಹಣ್ಣಿನಿಂದಲೂ ಲಾರಿಗಳಿಂದಲೂ ತುಂಬಿರುವುದು. ಆಗ ಬೀದಿಯಲ್ಲಿ ಚಕ್ರಪಾದುಕೆಯ ಮಾತೆತ್ತುವಂತಿಲ್ಲ. ನಾವು ಹೋದ ಜನವರಿಯಲ್ಲಿ ತೋಪುಗಳು ಹೂ ಬಿಡಲು ತೊಡಗಿದ್ದುವು. ಆದರೆ ದಾರಿಯುದ್ದಕ್ಕೂ ರೈತರು ರಾಗಿಯ ತೆನೆಯನ್ನೂ ಹುರುಳಿಯನ್ನೂ ಡಾಂಬರಿನ ಮೇಲೆ ಹರಡಿದ್ದರು. ಹಾಯುವ ಗಾಡಿಗಳೇ ತುಳಿದು ಒಕ್ಕಲು ಮಾಡಿಕೊಡುವುವು. ಹುಲ್ಲಿನ ಮೇಲೆ ಚಕ್ರ ಸಿಕ್ಕಿಕೊಳ್ಳುವುದು, ಕಾಳಿನ ಮೇಲೆ ಜಾರುವುದು. ಅಲ್ಲಿನ ಮಕ್ಕಳು ಜಾಣರು. ಹಿರಿಯರ ಅನುಮತಿ ಪಡೆದು ಶಾಲೆಯ ಸಿಮೆಂಟಿನ ಅಂಗಳದಲ್ಲಿ ಸುತ್ತುತ್ತಿದ್ದರು. ಬೀಳುವುದನ್ನೂ ಅಭ್ಯಾಸ ಮಾಡುತ್ತಿದ್ದರು! ಕವಚಗಳನ್ನೆಲ್ಲ ಕಟ್ಟಿಕೊಂಡು ಮೊದಲು ಹುಲ್ಲಿನ ಮೇಲೆ, ಅನಂತರ ಸಿಮೆಂಟಿನ ಮೇಲೆ, ಮೈ ತಗ್ಗಿಸಿ ಮೊದಲು ಮೊಣಕಾಲು, ಆಮೇಲೆ ಮೊಣಕೈ, ಕಟ್ಟಕಡೆಗೆ ಬೆರಳುಗಳನ್ನು ಮೇಲೆತ್ತಿದ ಅಂಗೈ. ಹತ್ತು ಸಲ ನಕ್ಕು ಬಿದ್ದು ಹತ್ತು ಸಲ ಏಳುವರು. ಕೋಲಾರದ ಹುಡುಗಿಗೆ ಯಾರೂ ಕಲಿಸದೆ ಬಿಟ್ಟಿದ್ದ ಪಾಠವಿದು. ಹೆದ್ದಾರಿಯ ಅಂಚಿನಲ್ಲಿ ಓಡಿಸುವ ತಂದೆತಾಯಿಗಳನ್ನು ಮಾತ್ರ ನಾವು ಕ್ಷಮಿಸಲಾರೆವು. ಲಾರಿಯ ಎದುರಿಗೆ ಯಾವ ಕವಚವೂ ಕವಚವಲ್ಲ.

ಕೋಲಾರದ ಮನೆಯ ಪಡಸಾಲೆಯಲ್ಲಿ ಎಂಟು ಸಾವಿರದ ಲೆಕ್ಕ ಕುಳಿತು ನೋಡಿದೆವು. ಮೊದಲು ಶಿರಸ್ತ್ರಾಣ, ಅನಂತರ ಪಟ್ಟಿಯುಳ್ಳ ಹಸ್ತಘ್ನ, ಮೊಣಕೈ ಮೊಣಕಾಲುಗಳ ಕವಚ; ಉಳಿದುದರಲ್ಲಿ ಪಾದಕ್ಕೆ ಸರಿಹೋಗುವ, 90 ಮಿಲಿಮೀಟರಿನ ಚಕ್ರದ ಪಾದುಕೆ. ಪಂದ್ಯದ ಹೊಳೆಯುವ ಉಡುಪಿಗೆ ಹಣ ಸಾಲಲಿಲ್ಲ. ಶಾಲೆಯ ಆಟದ ಷರಾಯಿಯೇ ಸಾಕೆಂದಾಯಿತು. ಹುಡುಗಿಯು ಮುಖ ಸಣ್ಣದು ಮಾಡಿಕೊಂಡು, “ತಾತಾ, ತೊಂಬತ್ತರಲ್ಲಿ ಯಾರೂ ಗೆಲ್ಲಲ್ಲ,” ಎಂದಳು. ತಂದೆಯು ಹತ್ತು ಸಲ ನಿಂತು ತೋರಿಸುವ ಕರಾರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದು ಅವಳಿಂದ ಸಹಿ ಹಾಕಿಸಿದನು.

ಅಜ್ಜಿ ಅಂದು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಮಣಿಕಟ್ಟಿನ ಕವಚವನ್ನು ತಮ್ಮ ಕೈಗೇ ತೊಟ್ಟು, ಗೋಡೆಗೆ ಎರಡು ಸಲ ಒತ್ತಿ ನೋಡಿ, ಮೊಮ್ಮಗಳ ಗಾಜಿನ ಬಳೆಗಳನ್ನು ಕಳಚಿ ಡಬ್ಬಿಯಲ್ಲಿಟ್ಟರು. ಮರುದಿನ ಬೆಳಗ್ಗೆ ಬಡಾವಣೆಯ ಬೀದಿಗೆ ಹೋದಾಗ ಅವರು ನಮಗಿಂತ ಮುಂಚೆಯೇ ಅಲ್ಲಿದ್ದರು. ತೆಂಗಿನ ಗರಿಯ ಪೊರಕೆ ಹಿಡಿದು ನೀಲಗಿರಿಯ ಕಾಯಿಗಳನ್ನು ಚರಂಡಿಗೆ ಗುಡಿಸುತ್ತಿದ್ದರು.